ಮಾಡುವವರ ಕೈಗೆ ಕೊಡುವ ಗೆರೆ: ಪ್ರೌಢಶಾಲೆಯಲ್ಲಿ ನಕ್ಷೆ ಮತ್ತು ವಿನ್ಯಾಸದ ಕಲಿಕೆ



ಈ ವೇದಿಕೆಯಿಂದ ಸಾಹಿತ್ಯ, ಇತಿಹಾಸ, ತತ್ವಶಾಸ್ತ್ರಗಳ ಬಗ್ಗೆ ದೊಡ್ಡವರು ಮಾತನಾಡಿ ಹೋಗಿದ್ದಾರೆ. ಇವತ್ತು ಪೆನ್ಸಿಲು, ಅಳತೆಪಟ್ಟಿ, ಕೈವಾರಗಳ ಬಗ್ಗೆ ಮಾತನಾಡಲು ನನ್ನನ್ನು ಕರೆದಿದ್ದೀರಿ. ಮೂವತ್ತೊಂದು ವರ್ಷ ಹೈಸ್ಕೂಲು ಮಕ್ಕಳಿಗೆ ಇಂಜಿನಿಯರಿಂಗ್ ಡ್ರಾಯಿಂಗ್ ಕಲಿಸಿದವನಿಗೆ ಇದು ದೊಡ್ಡ ಗೌರವ. ಆ ಗೌರವ ನನ್ನ ವಿಷಯಕ್ಕೆ ಸಂದದ್ದು ಎಂದು ತಿಳಿದು ಸ್ವೀಕರಿಸುತ್ತೇನೆ.

ಮಾತಿನ ಎಲ್ಲೆಯನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಹೇಳಹೊರಟಿರುವುದು ಎಂಟು, ಒಂಬತ್ತು, ಹತ್ತನೆಯ ತರಗತಿಯ ಮಕ್ಕಳಿಗೆ ನಕ್ಷೆ ಬರೆಯುವುದನ್ನೂ ವಿನ್ಯಾಸ ಮಾಡುವುದನ್ನೂ ಹೇಗೆ ಕಲಿಸಬೇಕು ಎಂಬುದರ ಬಗ್ಗೆ. ಇಂಜಿನಿಯರಿಂಗ್ ಕಾಲೇಜಿನ ಪಾಠದ ವಿಚಾರ ಇಲ್ಲಿ ಬರುವುದಿಲ್ಲ. ನಕ್ಷೆ ಎಂದರೆ ಏನು ಎಂಬುದನ್ನು ಮೊದಲು ನೋಡೋಣ. ಆಮೇಲೆ ಒಂದು ವಸ್ತುವನ್ನು ನೋಡುವ ಬಗೆಯನ್ನು, ಅದಾದ ಮೇಲೆ ವಿನ್ಯಾಸವನ್ನು, ಕೊನೆಯಲ್ಲಿ ಕಂಪ್ಯೂಟರು ಮತ್ತು ಪಠ್ಯಕ್ರಮವನ್ನು ಕುರಿತು ನಾಲ್ಕು ಮಾತು ಹೇಳುತ್ತೇನೆ.

ಮೊದಲನೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಶಾಲೆಗಳಲ್ಲಿ ‘ಡ್ರಾಯಿಂಗ್’ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಕೆಲಸಗಳು ನಡೆಯುತ್ತವೆ. ಒಂದು, ಚಿತ್ರ ಬರೆಯುವುದು. ಮಾವಿನ ಹಣ್ಣು ನನ್ನ ಕಣ್ಣಿಗೆ ಹೇಗೆ ಕಂಡಿತೋ ಹಾಗೆ ಬರೆಯುತ್ತೇನೆ. ಅಲ್ಲಿ ನನ್ನ ನೋಟವೇ ಪ್ರಮಾಣ. ಇನ್ನೊಂದು, ನಕ್ಷೆ ಬರೆಯುವುದು. ಮರದ ಒಂದು ಮಣೆಯನ್ನು ನಾನು ನಕ್ಷೆಯಲ್ಲಿ ಬರೆದರೆ, ನನ್ನನ್ನು ಕಂಡೇ ಇರದ ಬಡಗಿಯೊಬ್ಬ ಆ ಹಾಳೆಯನ್ನು ನೋಡಿ ಅದೇ ಮಣೆಯನ್ನು ಮಾಡಿಕೊಡಬೇಕು. ಅವನು ಕೆಲಸ ಮಾಡುವಾಗ ನಾನು ಪಕ್ಕದಲ್ಲಿ ಇರುವುದಿಲ್ಲ. ಹಾಗಾಗಿ ಅವನು ಕೇಳಬಹುದಾದ ಪ್ರಶ್ನೆಗಳಿಗೆಲ್ಲ ಹಾಳೆಯೇ ಉತ್ತರ ಕೊಡಬೇಕು. ಮಾಡುವವನ ಕೈಗೆ ಬರೆದ ಕಾಗದವೇ ನಕ್ಷೆ. ನನ್ನ ಇಡೀ ಉಪನ್ಯಾಸ ನಿಂತಿರುವುದು ಈ ಒಂದು ಮಾತಿನ ಮೇಲೆ.

ಇದನ್ನು ಮಕ್ಕಳಿಗೆ ಬಾಯಲ್ಲಿ ಹೇಳಿದರೆ ತಲೆಯಾಡಿಸುತ್ತಾರೆ, ಮರೆಯುತ್ತಾರೆ. ನಾನೂ ಹಲವು ವರ್ಷ ಬಾಯಲ್ಲೇ ಹೇಳಿದೆ. ಆಮೇಲೆ ಒಂದು ಪಾಠಕ್ರಮ ಕಂಡುಕೊಂಡೆ. ಅದಕ್ಕೆ ಬೇಕಾದದ್ದು ಬಟ್ಟೆ ಸೋಪಿನ ಕೆಲವು ಬಾರುಗಳು ಮಾತ್ರ. ತರಗತಿಯನ್ನು ಎರಡು ಗುಂಪು ಮಾಡುವುದು. ಒಂದು ಗುಂಪಿಗೆ ಮರದ ಒಂದು ತುಂಡು ಕೊಡುವುದು: ಮೆಟ್ಟಿಲಿನಂತೆ ಕೊರೆದದ್ದು, ನಡುವೆ ಒಂದು ಕಚ್ಚು ಇರುವಂಥದ್ದು. ಅವರು ಅದನ್ನು ಅಳೆದು ನಕ್ಷೆ ಬರೆಯಬೇಕು. ಪಕ್ಕದ ಕೋಣೆಯಲ್ಲಿರುವ ಇನ್ನೊಂದು ಗುಂಪು ಆ ತುಂಡನ್ನು ನೋಡುವಂತಿಲ್ಲ, ಬರೆದವರನ್ನು ಮಾತನಾಡಿಸುವಂತಿಲ್ಲ. ನಕ್ಷೆ ಮಾತ್ರ ಅವರ ಕೈಗೆ ಹೋಗುತ್ತದೆ. ಅದನ್ನು ಓದಿ ಸೋಪಿನಲ್ಲಿ ಅದೇ ಆಕಾರ ಕೆತ್ತಬೇಕು. ಕೊನೆಗೆ ಮರದ ತುಂಡನ್ನೂ ಸೋಪಿನ ತುಂಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಡುತ್ತೇವೆ.

ಮೊದಲ ಸಲ ಎರಡೂ ಹೊಂದಿದ್ದನ್ನು ನಾನು ಕಂಡಿಲ್ಲ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಕೆತ್ತುವ ಗುಂಪಿನ ಹುಡುಗನೊಬ್ಬ ಓಡಿ ಬರುತ್ತಾನೆ: “ಸರ್, ಈ ಕಚ್ಚಿನ ಆಳ ಎಷ್ಟು?” “ನಕ್ಷೆ ನೋಡಪ್ಪ” ಅನ್ನುತ್ತೇನೆ. “ಅದರಲ್ಲಿ ಬರೆದೇ ಇಲ್ಲ ಸರ್!” ಆ ಹುಡುಗನ ದನಿಯಲ್ಲಿ ನಿಜವಾದ ಸಿಟ್ಟು ಇರುತ್ತದೆ. ಅಳತೆ ಬರೆಯದೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಆ ಸಿಟ್ಟು ಕಲಿಸಿದಷ್ಟು ನನ್ನ ಯಾವ ಪಾಠವೂ ಕಲಿಸಲಿಲ್ಲ. ಮರುವಾರ ಗುಂಪುಗಳನ್ನು ಅದಲುಬದಲು ಮಾಡಿದಾಗ ಅದೇ ಹುಡುಗ ತನ್ನ ನಕ್ಷೆಯನ್ನು ಕೊಡುವ ಮುಂಚೆ ಮೂರು ಸಲ ನೋಡುತ್ತಾನೆ. ಒಂದು ಅಳತೆಯನ್ನು ಎರಡು ಕಡೆ ಬರೆದರೂ ತೊಂದರೆ, ಒಂದು ಕಡೆ 24, ಇನ್ನೊಂದು ಕಡೆ 25 ಎಂದಿದ್ದರೆ ಕೆತ್ತುವವನು ಯಾವುದನ್ನು ನಂಬಬೇಕು ಎಂಬುದೂ ಆಗಲೇ ಹೊಳೆಯುತ್ತದೆ.

ಗೆರೆಗಳ ಬಗೆಗಳನ್ನೂ ಹೀಗೆಯೇ ಕಲಿಸಬೇಕು. ಕಾಣುವ ಅಂಚಿಗೆ ದಪ್ಪ ಗೆರೆ, ಅಳತೆ ತೋರಿಸಲು ತೆಳು ಗೆರೆ, ಹಿಂದೆ ಮರೆಯಾದ ಅಂಚಿಗೆ ತುಂಡು ತುಂಡು ಗೆರೆ, ನಡುಗೆರೆಗೆ ಒಂದು ಉದ್ದ ಒಂದು ಗಿಡ್ಡ. ಇದನ್ನು ಕೋಷ್ಟಕ ಮಾಡಿ ಬಾಯಿಪಾಠ ಮಾಡಿಸಿದರೆ ಪರೀಕ್ಷೆಯ ಮರುದಿನ ಹೋಗುತ್ತದೆ. ಅಳತೆಯ ಗೆರೆಯನ್ನು ಅಂಚು ಎಂದು ತಿಳಿದು ಸೋಪನ್ನು ಕತ್ತರಿಸಿ ಹಾಳುಮಾಡಿದ ಮಗು ಆ ವ್ಯತ್ಯಾಸವನ್ನು ಮತ್ತೆ ಮರೆಯುವುದಿಲ್ಲ.

ಇಲ್ಲಿ ನನ್ನ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ನಾನು ಹಾಳೆಯ ಅಂದಕ್ಕೆ ಅಂಕ ಕೊಟ್ಟೆ. ಅಕ್ಷರ ದುಂಡಗಿದ್ದರೆ, ರಬ್ಬರು ಉಜ್ಜಿದ ಕಲೆ ಇಲ್ಲದಿದ್ದರೆ, ಪೂರ್ತಿ ಅಂಕ. ಸೋಪಿನ ಪಾಠ ಶುರುವಾದ ಮೇಲೆ ಗೊತ್ತಾಯಿತು, ತರಗತಿಯ ಅತ್ಯಂತ ಚೊಕ್ಕ ಹಾಳೆಯಿಂದ ವಸ್ತು ಮಾಡಲು ಆಗಲಿಲ್ಲ. ಅಂಗೈಯ ಬೆವರಿನಿಂದ ಮಸಿಯಾದ ಒಂದು ಹಾಳೆಯಿಂದ ಮಿಲಿಮೀಟರು ತಪ್ಪದೆ ವಸ್ತು ಬಂತು. ಆ ಹಾಳೆ ಬರೆದ ಹುಡುಗನಿಗೆ ಅಷ್ಟು ದಿನ ನಾನು ಕಡಿಮೆ ಅಂಕ ಕೊಟ್ಟಿದ್ದೆ. ಅಂದ ಬೇಡ ಎನ್ನುತ್ತಿಲ್ಲ. ಆದರೆ ಅದು ಎರಡನೆಯದು.

ಈಗ ನೋಡುವ ಬಗೆಗೆ ಹೋಗೋಣ. ಒಂದು ವಸ್ತುವನ್ನು ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ನೋಡಿ ಮೂರು ನೋಟಗಳಲ್ಲಿ ಬರೆಯುವ ಕ್ರಮ ಇವತ್ತು ಸಹಜವಾಗಿ ಕಾಣುತ್ತದೆ. ಅದನ್ನು ಶಾಸ್ತ್ರವಾಗಿ ಕಟ್ಟಿದವನು ಫ್ರಾನ್ಸಿನ ಗಾಸ್ಪಾರ್ ಮೋಂಜ್, ಹುಟ್ಟಿದ್ದು 1746ರಲ್ಲಿ. ಮೆಝಿಯೇರ್ ಎಂಬಲ್ಲಿನ ಸೈನಿಕ ಶಾಲೆಯಲ್ಲಿದ್ದಾಗ ಕೋಟೆಯ ಗೋಡೆಗಳ ಎತ್ತರ ಕಂಡುಹಿಡಿಯುವ ಲೆಕ್ಕವನ್ನು ಅವನು ಉದ್ದುದ್ದ ಗಣಿತ ಮಾಡದೆ ಗೆರೆಗಳಲ್ಲೇ ಬಿಡಿಸಿದ. ಆ ವಿಧಾನ ಎಷ್ಟು ಬೆಲೆಯುಳ್ಳದ್ದಾಗಿತ್ತೆಂದರೆ ಅದನ್ನು ಸೈನ್ಯದ ಗುಟ್ಟಾಗಿ ಇಟ್ಟರು. 1795ರಲ್ಲಿ ಪ್ಯಾರಿಸಿನಲ್ಲಿ, ಮುಂದೆ ಅಧ್ಯಾಪಕರಾಗುವವರಿಗೆ ಅವನು ಅದನ್ನು ಬಹಿರಂಗವಾಗಿ ಪಾಠ ಹೇಳಿದ. ಒಂದು ಕಾಲದಲ್ಲಿ ಸೈನ್ಯದ ಗುಟ್ಟಾಗಿದ್ದ ವಿದ್ಯೆಯನ್ನು ನಾವು ಹದಿಮೂರು ವರ್ಷದ ಮಕ್ಕಳಿಗೆ ಕಲಿಸುತ್ತಿದ್ದೇವೆ ಎಂಬ ಅರಿವು ಅಧ್ಯಾಪಕನಿಗೆ ಇರಬೇಕು.

ಕನ್ನಡದಲ್ಲಿ ಇದನ್ನು ಕಲಿಸುವಾಗ ಒಂದು ತೊಡಕಿದೆ. ‘ಮೇಲ್ನೋಟ’ ಎಂದರೆ ನಮ್ಮ ಮಾತಿನಲ್ಲಿ ಆಳಕ್ಕಿಳಿಯದ ನೋಟ. ‘ಮುನ್ನೋಟ’ ಎಂದರೆ ಮುಂದೆ ಬರುವುದರ ಸೂಚನೆ. ಹಾಗಾಗಿ ನಾನು ತರಗತಿಯಲ್ಲಿ ‘ಮೇಲಿನಿಂದ ನೋಟ’, ‘ಮುಂದಿನಿಂದ ನೋಟ’ ಎಂದೇ ಹೇಳುತ್ತಾ ಬಂದೆ. ಶಬ್ದ ಸ್ವಲ್ಪ ಉದ್ದವಾಯಿತು, ಆದರೆ ಮಗು ಎಲ್ಲಿ ನಿಂತು ನೋಡಬೇಕು ಎಂಬುದು ಶಬ್ದದಲ್ಲೇ ಬಂತು.

ಇದಕ್ಕಿಂತ ದೊಡ್ಡ ತೊಡಕು ಆ ನೋಟಗಳನ್ನು ಹಾಳೆಯ ಮೇಲೆ ಎಲ್ಲಿ ಇಡಬೇಕು ಎಂಬುದು. ಭಾರತೀಯ ಮಾನಕ ಬ್ಯೂರೋ ಶಾಲಾ ಕಾಲೇಜುಗಳಿಗೆಂದೇ ಹೊರತಂದಿರುವ ಎಸ್‌ಪಿ 46 ಎಂಬ ಕೈಪಿಡಿ ಫಸ್ಟ್ ಆಂಗಲ್ ಕ್ರಮವನ್ನು ಹೇಳುತ್ತದೆ. ಅದರಲ್ಲಿ ಮೇಲಿನಿಂದ ಕಂಡ ನೋಟ ಹಾಳೆಯಲ್ಲಿ ಕೆಳಗೆ ಬರುತ್ತದೆ. ಎಡದಿಂದ ಕಂಡದ್ದು ಬಲಕ್ಕೆ ಬರುತ್ತದೆ. ಅಮೆರಿಕದಲ್ಲಿ ಬಳಸುವ ಥರ್ಡ್ ಆಂಗಲ್ ಕ್ರಮದಲ್ಲಿ ಇದು ತಿರುಗುಮುರುಗು: ಮೇಲಿನದು ಮೇಲೆ, ಎಡದ್ದು ಎಡಕ್ಕೆ. “ಮೇಲಿನಿಂದ ನೋಡಿದ್ದು ಕೆಳಗೆ ಯಾಕೆ ಸರ್?” ಎಂದು ಪ್ರತಿವರ್ಷ ಯಾರಾದರೂ ಕೇಳುತ್ತಾರೆ. “ನಿಯಮ ಹಾಗೆ, ಬರೆದುಕೋ” ಎಂದರೆ ಆ ಮಗುವಿನ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯುತ್ತದೆ.

ನಾನು ಇದನ್ನು ದೀಪ ಮತ್ತು ತೊಗಲುಗೊಂಬೆಯ ಸಹಾಯದಿಂದ ಹೇಳುತ್ತೇನೆ. ರಾತ್ರಿ ಕರೆಂಟು ಹೋದಾಗ ದೀಪ ಹಚ್ಚಿ, ಕೈ ಅಡ್ಡ ಹಿಡಿದರೆ ನೆರಳು ಹಿಂದಿನ ಗೋಡೆಯ ಮೇಲೆ ಬೀಳುತ್ತದೆ. ದೀಪ ಇದ್ದ ಜಾಗದಲ್ಲಿ ನಿಮ್ಮ ಕಣ್ಣಿದೆ ಎಂದುಕೊಳ್ಳಿ. ಕಣ್ಣು, ಆಮೇಲೆ ವಸ್ತು, ಆಮೇಲೆ ಗೋಡೆ. ಮೇಲಿನಿಂದ ನೋಡಿದರೆ ನೆರಳು ನೆಲದ ಮೇಲೆ ಬೀಳುತ್ತದೆ, ಎಂದರೆ ಕೆಳಗೆ. ಎಡದಿಂದ ನೋಡಿದರೆ ಬಲಗೋಡೆಯ ಮೇಲೆ. ಇದು ಫಸ್ಟ್ ಆಂಗಲ್. ಇನ್ನು ತೊಗಲುಗೊಂಬೆ ಆಟ. ನಾವು ಪರದೆಯ ಮುಂದೆ ಕುಳಿತಿದ್ದೇವೆ, ಗೊಂಬೆ ಪರದೆಯ ಹಿಂದಿದೆ. ಕಣ್ಣು, ಆಮೇಲೆ ಪರದೆ, ಆಮೇಲೆ ವಸ್ತು. ಚಿತ್ರ ಮೂಡುವುದು ನಮಗೂ ವಸ್ತುವಿಗೂ ನಡುವೆ, ಹಾಗಾಗಿ ಮೇಲಿನಿಂದ ನೋಡಿದ್ದು ಮೇಲೆಯೇ ಉಳಿಯುತ್ತದೆ. ಇದು ಥರ್ಡ್ ಆಂಗಲ್. ಒಂದು ರಟ್ಟಿನ ಪೆಟ್ಟಿಗೆಯ ಮೂರು ಮುಖ ಉಳಿಸಿಕೊಂಡು, ಒಳಗೆ ಬೆಂಕಿಪೊಟ್ಟಣ ಇಟ್ಟು ಟಾರ್ಚು ಹಿಡಿದು, ಬಿದ್ದ ನೆರಳಿನ ಸುತ್ತ ಗೆರೆ ಎಳೆದು, ಆಮೇಲೆ ಪೆಟ್ಟಿಗೆಯನ್ನು ಬಿಚ್ಚಿ ಚಪ್ಪಟೆ ಮಾಡಿದರೆ ಫಸ್ಟ್ ಆಂಗಲ್‌ನ ಮೂರು ನೋಟಗಳೂ ತಮ್ಮ ತಮ್ಮ ಜಾಗದಲ್ಲಿ ಕಾಣುತ್ತವೆ. ಟಾರ್ಚನ್ನು ದೂರ ಹಿಡಿಯಬೇಕು. ಹತ್ತಿರ ಹಿಡಿದರೆ ನೆರಳು ಹಿಗ್ಗುತ್ತದೆ.

ಇದೇ ದಾರಿಯಲ್ಲಿ ರಂಗೋಲಿಯ ವಿಚಾರವನ್ನೂ ಹೇಳಬೇಕು. ‘ಹದಿನೈದು ಚುಕ್ಕೆ, ಮಧ್ಯೆ ಚುಕ್ಕೆ, ಎಂಟಕ್ಕೆ ನಿಲ್ಲಿಸಿ’ ಎಂಬ ಸೂಚನೆಯನ್ನು ನಮ್ಮ ಮನೆಯ ಹೆಣ್ಣುಮಕ್ಕಳು ವಾರಪತ್ರಿಕೆಗಳಲ್ಲಿ ಓದಿ, ಬರೆದವರನ್ನು ಕೇಳದೆ, ಅಂಗಳದಲ್ಲಿ ಸರಿಯಾದ ಆರು ಮೂಲೆಯ ಜಾಲ ಇಡುತ್ತಿದ್ದರು. ನಕ್ಷೆಯ ಸೂಚನೆಗೆ ಇದಕ್ಕಿಂತ ಚೊಕ್ಕ ಉದಾಹರಣೆ ನನಗೆ ಗೊತ್ತಿಲ್ಲ. ಆ ಮಧ್ಯೆ ಚುಕ್ಕೆಯ ಜಾಲವೇ ಹಾಳೆಯನ್ನು ಅಡ್ಡ ತಿರುಗಿಸಿದರೆ ಐಸೊಮೆಟ್ರಿಕ್ ಚಿತ್ರಕ್ಕೆ ಬೇಕಾದ ಜಾಲವಾಗುತ್ತದೆ. ಚುಕ್ಕೆಗಳ ಅಂತರ 10 ಮಿಲಿಮೀಟರ್ ಇದ್ದರೆ ಸಾಲುಗಳ ಅಂತರ ಸುಮಾರು 8.7 ಇರಬೇಕು, ಅಷ್ಟೇ. ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಇದನ್ನು ತೋರಿಸಿದಾಗ, ಪೆಟ್ಟಿಗೆ, ಮೆಟ್ಟಿಲು, ಕುರ್ಚಿಗಳನ್ನು ಅವರು ಒಂದೇ ಗಂಟೆಯಲ್ಲಿ ಬರೆದರು. ಹುಡುಗರು ಅವರನ್ನು ಕೇಳಿ ಕಲಿಯಬೇಕಾಯಿತು. ತಾಂತ್ರಿಕ ವಿಷಯ ಹುಡುಗರದು ಎಂಬ ಮಾತು ನನ್ನ ತರಗತಿಯಲ್ಲಿ ಆಮೇಲೆ ಏಳಲಿಲ್ಲ.

ರಂಗೋಲಿಯಂತೆ ನಮ್ಮ ಗುಡಿಗಳ ತಳದಲ್ಲೂ ನಕ್ಷೆಯ ಪಾಠವಿದೆ. ಸೋಮನಾಥಪುರದ ಕೇಶವ ದೇವಾಲಯವನ್ನು ಪ್ರವಾಸದಲ್ಲಿ ಎಲ್ಲ ಶಾಲೆಯವರೂ ತೋರಿಸುತ್ತಾರೆ. ಬೇಲೂರು, ಹಳೇಬೀಡುಗಳ ಜೊತೆ ಅದು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೂ ಸೇರಿತು. ಅಲ್ಲಿನ ವಿಮಾನಗಳು ನಿಂತಿರುವುದು 16 ಮೂಲೆಗಳ ನಕ್ಷತ್ರಾಕಾರದ ತಳದ ಮೇಲೆ. ಒಂದು ಚೌಕವನ್ನು ಅದರ ನಡುಬಿಂದುವಿನ ಸುತ್ತ 22.5 ಡಿಗ್ರಿಯಷ್ಟು ತಿರುಗಿಸುತ್ತಾ ಹೋಗಿ, ನಾಲ್ಕು ಚೌಕ ಬರೆದರೆ ಆ 16 ಮೂಲೆ ಬರುತ್ತವೆ. ಕೋನಮಾಪಕ ಬೇಕಿಲ್ಲ. ಕೈವಾರದಿಂದ ವೃತ್ತ ಎಳೆದು, ಕೋನಗಳನ್ನು ಅರ್ಧ, ಮತ್ತೆ ಅರ್ಧ ಮಾಡುತ್ತಾ ವೃತ್ತವನ್ನು 16 ಭಾಗ ಮಾಡಿ, ಮೂರು ಬಿಟ್ಟು ನಾಲ್ಕನೆಯ ಬಿಂದುವನ್ನು ಕೂಡಿಸುತ್ತಾ ಹೋದರೆ ಸಾಕು. ಪ್ರವಾಸಕ್ಕೆ ಹೋಗುವ ಮುಂಚಿನ ವಾರ ಇದನ್ನು ಬರೆಸಿ. ಗುಡಿಯ ಮುಂದೆ ನಿಂತಾಗ ಮಕ್ಕಳು ಜಗಲಿಯ ಅಂಚಿನ ಮೂಲೆಗಳನ್ನು ತಾವಾಗಿ ಎಣಿಸುತ್ತಾ ಹೋಗುತ್ತಾರೆ.

ಮೂರನೆಯ ವಿಷಯ, ವಿನ್ಯಾಸ. ಇರುವ ವಸ್ತುವನ್ನು ಬರೆಯುವುದು ಒಂದು ಹಂತ. ಇಲ್ಲದ್ದನ್ನು ಹೀಗಿರಬೇಕು ಎಂದು ನಿರ್ಧರಿಸಿ ಬರೆಯುವುದು ಅದರ ಮುಂದಿನದು. ಮಕ್ಕಳಿಗೆ ‘ಕನಸಿನ ಮನೆ’ ಬರೆಯಲು ಹೇಳುವ ಅಭ್ಯಾಸ ನಮ್ಮಲ್ಲಿದೆ. ನನಗೆ ಅದು ಹಿಡಿಸುವುದಿಲ್ಲ. ಕನಸಿನ ಮನೆಗೆ ಅಳತೆಯಿಲ್ಲ, ಖರ್ಚಿಲ್ಲ, ಅಡ್ಡಿಯಿಲ್ಲ. ಅಡ್ಡಿಯಿಲ್ಲದ ಕಡೆ ವಿನ್ಯಾಸವೂ ಇಲ್ಲ. ನಾನು ಮಕ್ಕಳಿಗೆ ಅವರು ವಾಸವಿರುವ ಮನೆಯನ್ನೇ ಅಳೆದು ಬರೆಯಲು ಹೇಳುತ್ತೇನೆ. 30‑40ರ ಸೈಟು ಎಂದರೆ ಸುಮಾರು 9.14 ಮೀಟರ್ ಅಗಲ, 12.19 ಮೀಟರ್ ಉದ್ದ. 1:100ರ ಪ್ರಮಾಣದಲ್ಲಿ ಅದು ಹಾಳೆಯ ಮೇಲೆ ಸುಮಾರು 9 ಸೆಂಟಿಮೀಟರ್‌ಗೆ 12 ಸೆಂಟಿಮೀಟರ್, ನೋಟುಬುಕ್ಕಿನ ಒಂದು ಪುಟಕ್ಕೆ ಸಾಕು. ಊರಿನಲ್ಲಿ ಅಡಿ, ಅಂಗುಲ, ಚದರ, ಶಾಲೆಯಲ್ಲಿ ಮಿಲಿಮೀಟರು. ಎರಡೂ ಬರಬೇಕು, ಯಾಕೆಂದರೆ ಆ ಮಗು ಮುಂದೆ ಮಾತನಾಡಬೇಕಾದ ಮೇಸ್ತ್ರಿ ಅಡಿಯಲ್ಲೇ ಮಾತನಾಡುತ್ತಾನೆ.

ಒಬ್ಬ ಹುಡುಗಿ ತನ್ನ ಮನೆಗೆ ಒಂದು ಕೋಣೆ ಸೇರಿಸುವ ನಕ್ಷೆ ಬರೆದಿದ್ದಳು. ಚೆನ್ನಾಗಿದೆ ಎಂದು ನಾನು ಸಹಿ ಹಾಕಿಕೊಟ್ಟೆ. ಮರುದಿನ ಬಂದು ಹೇಳಿದಳು: “ಸರ್, ಅಪ್ಪ ನೋಡಿದರು. ಬಾಗಿಲು ತೆಗೆದರೆ ಮಂಚಕ್ಕೆ ತಾಗುತ್ತೆ ಅಂದರು.” ಅವಳ ತಂದೆ ಗಾರೆ ಕೆಲಸದವರು. ಬಾಗಿಲು ತೆರೆಯುವ ಕಮಾನಿನ ಗೆರೆಯನ್ನು ಅವಳೂ ಎಳೆದಿರಲಿಲ್ಲ, ನಾನೂ ಗಮನಿಸಿರಲಿಲ್ಲ. ಅಂದಿನಿಂದ ವರ್ಷಕ್ಕೆ ಒಂದು ದಿನ ಊರಿನ ಮೇಸ್ತ್ರಿಯೊಬ್ಬರನ್ನು ತರಗತಿಗೆ ಕರೆಯುವುದನ್ನು ರೂಢಿ ಮಾಡಿದೆ. ದಾರ, ತೂಕದ ಗುಂಡು, ರಸಮಟ್ಟ, ಮೂಲೆಮಟ್ಟ ತಂದು, ಮೂರು ಅಡಿ, ನಾಲ್ಕು ಅಡಿ, ಐದು ಅಡಿ ಅಳೆದು ನೆಲದ ಮೇಲೆ ಲಂಬಕೋನ ಹಿಡಿಯುವುದನ್ನು ಅವರು ತೋರಿಸುತ್ತಾರೆ. ಪೈಥಾಗೊರಸನ ಪ್ರಮೇಯವನ್ನು ಆ ಹೊತ್ತಿಗೆ ಮಕ್ಕಳು ಬರೆದು ಬರೆದು ಬೇಸತ್ತಿರುತ್ತಾರೆ. ಅದೇ ಪ್ರಮೇಯ ಸುಣ್ಣದ ಗೆರೆಯಾಗಿ ನೆಲದ ಮೇಲೆ ಮೂಡಿದಾಗ ತರಗತಿಯಲ್ಲಿ ಸದ್ದಿರುವುದಿಲ್ಲ.

ವಿನ್ಯಾಸದ ಪಾಠಗಳಲ್ಲಿ ನನಗೆ ಅತ್ಯಂತ ಹತ್ತಿರದ್ದು ರ‍್ಯಾಂಪಿನದು. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಊರುಗೋಲು ಹಿಡಿದು ಬರುವ ಹುಡುಗನೊಬ್ಬನಿದ್ದ. ಮುಂಬಾಗಿಲಿಗೆ 15 ಸೆಂಟಿಮೀಟರ್ ಎತ್ತರದ ಮೂರು ಮೆಟ್ಟಿಲು. ಪಕ್ಕದಲ್ಲಿ ಒಂದು ರ‍್ಯಾಂಪೂ ಇತ್ತು. ಆದರೂ ಅವನು ಮೆಟ್ಟಿಲನ್ನೇ ಹತ್ತುತ್ತಿದ್ದ. ಯಾಕೆ ಎಂದು ನೋಡಿ ಬನ್ನಿ ಎಂದು ಒಂಬತ್ತನೆಯ ತರಗತಿಯನ್ನು ಟೇಪು ಕೊಟ್ಟು ಕಳಿಸಿದೆ. ಎತ್ತರ 45 ಸೆಂಟಿಮೀಟರ್, ಉದ್ದ ಎರಡು ಮೀಟರ್. ಒಪ್ಪಿತವಾದ ಪ್ರಮಾಣ 1:12, ಎಂದರೆ ಒಂದು ಪಾಲು ಏರಲು ಹನ್ನೆರಡು ಪಾಲು ಓಟ ಬೇಕು. ಮಕ್ಕಳು ಲೆಕ್ಕ ಹಾಕಿದರು: 45ಕ್ಕೆ ಹನ್ನೆರಡರಂತೆ 540 ಸೆಂಟಿಮೀಟರ್, 5.4 ಮೀಟರ್. ಇರುವುದು ಅದರ ಅರ್ಧಕ್ಕಿಂತಲೂ ಕಡಿಮೆ. ಅಷ್ಟು ಕಡಿದಾದ ಇಳಿಜಾರಿನಲ್ಲಿ ಊರುಗೋಲು ಜಾರುತ್ತದೆ.

ಸರಿ, 5.4 ಮೀಟರನ್ನು ಎಲ್ಲಿ ಹಾಕುವುದು? ನೇರ ಮುಂದಕ್ಕೆ ಹಾಕಿದರೆ ಧ್ವಜಸ್ತಂಭದ ಕಟ್ಟೆ ಅಡ್ಡ ಬರುತ್ತದೆ. ನಾಲ್ಕು ದಿನ ಚರ್ಚೆ ನಡೆಯಿತು. ಗೋಡೆಯ ಗುಂಟ 2.7 ಮೀಟರ್ ಹೋಗಿ, ಅಲ್ಲೊಂದು ಸಮತಟ್ಟಾದ ಕಟ್ಟೆ ಮಾಡಿ, ಹಿಂತಿರುಗಿ ಮತ್ತೆ 2.7 ಮೀಟರ್ ಬರುವುದೆಂದು ಒಂದು ಗುಂಪು ಬರೆಯಿತು. ಇನ್ನೊಂದು ಗುಂಪಿನ ಹುಡುಗಿ ಕೇಳಿದಳು: “ಮಳೆ ಬಂದರೆ ತಿರುವಿನಲ್ಲಿ ನೀರು ನಿಲ್ಲಲ್ವಾ?” ನಕ್ಷೆ ಬದಲಾಯಿತು, ಕಟ್ಟೆಗೆ ಸ್ವಲ್ಪ ವಾಟ ಕೊಟ್ಟರು. ಆಮೇಲೆ ಆ ಹುಡುಗನನ್ನೇ ಕರೆದು ಕೇಳಿದರು. ಕೈಹಿಡಿ ಬಲಗಡೆ ಇದ್ದರೆ ಅನುಕೂಲ ಎಂದ. ಅದನ್ನು ಯಾರೂ ಯೋಚಿಸಿರಲಿಲ್ಲ, ನಾನೂ ಯೋಚಿಸಿರಲಿಲ್ಲ. ಬಳಸುವವರನ್ನು ಮೊದಲ ದಿನವೇ ಕೇಳಬೇಕಿತ್ತು ಎಂದು ಮಕ್ಕಳು ನಕ್ಷೆಯ ಹಿಂಬದಿಯಲ್ಲಿ ತಾವಾಗಿ ಬರೆದುಕೊಂಡರು.

ಕೊನೆಯ ಭಾಗಕ್ಕೆ ಬಂದಿದ್ದೇನೆ. ಕಂಪ್ಯೂಟರ್ ಬಂದ ಮೇಲೆ ಕೈನಕ್ಷೆ ಏಕೆ ಎಂದು ಕೇಳುವವರಿದ್ದಾರೆ. ಆಟೋಕ್ಯಾಡ್ ಬಂದದ್ದು 1982ರಲ್ಲಿ. ಇವತ್ತು ಲಿಬ್ರೆಕ್ಯಾಡ್, ಫ್ರೀಕ್ಯಾಡ್‌ಗಳಂಥ ತಂತ್ರಾಂಶಗಳು ಹಣವಿಲ್ಲದೆ ಸಿಗುತ್ತವೆ. ಮಕ್ಕಳು ಅವನ್ನು ಕಲಿಯಲೇಬೇಕು. ನನ್ನ ಕೋರಿಕೆ ಕ್ರಮದ ಬಗ್ಗೆ ಮಾತ್ರ. ಪರದೆಯ ಮೇಲೆ ಎಲ್ಲವನ್ನೂ ಬೇಕಾದಷ್ಟು ಹಿಗ್ಗಿಸಬಹುದು, ಕುಗ್ಗಿಸಬಹುದು. ಹಾಗಾಗಿ ಮೂರು ಮಿಲಿಮೀಟರ್ ಎಂದರೆ ಎಷ್ಟು, ಮೂರು ಮೀಟರ್ ಎಂದರೆ ಎಷ್ಟು ಎಂಬುದು ಮೈಗೆ ಹತ್ತುವುದಿಲ್ಲ. ಮೊದಲು ಬರಿಗೈಯಲ್ಲಿ ಸ್ಕೆಚ್, ಆಮೇಲೆ ಅಳತೆ, ಆಮೇಲೆ ಬೋರ್ಡು ಮತ್ತು ಸೆಟ್ ಸ್ಕ್ವೇರ್, ಆಮೇಲೆ ಕಂಪ್ಯೂಟರು. 2016ರಿಂದ ಶಾಲೆಗಳಲ್ಲಿ ಶುರುವಾದ ಅಟಲ್ ಟಿಂಕರಿಂಗ್ ಲ್ಯಾಬ್‌ಗಳಲ್ಲಿ ಥ್ರೀಡಿ ಪ್ರಿಂಟರುಗಳಿವೆ. ಮಗು ತಾನೇ ಅಳೆದು ಬರೆದ ವಸ್ತು ಅದರಿಂದ ಹೊರಬರಬೇಕು. ಅಂತರಜಾಲದಿಂದ ಇಳಿಸಿಕೊಂಡ ಆಟಿಕೆ ಬಂದರೆ ಆ ಯಂತ್ರಕ್ಕೆ ಹಾಕಿದ ದುಡ್ಡು ದಂಡ.

ಪಠ್ಯಕ್ರಮದ ಬಗ್ಗೆ ನನಗೆ ನೋವಿದೆ. ನಮ್ಮ ರಾಜ್ಯದ ಜೂನಿಯರ್ ಟೆಕ್ನಿಕಲ್ ಶಾಲೆಗಳ ಮಕ್ಕಳು ಎಸ್ಸೆಸ್ಸೆಲ್ಸಿಯಲ್ಲಿ ಇಂಜಿನಿಯರಿಂಗ್ ಗ್ರಾಫಿಕ್ಸ್ ಬರೆಯುತ್ತಾರೆ. ಉಳಿದ ಸಾಮಾನ್ಯ ಪ್ರೌಢಶಾಲೆಗಳ ಮಕ್ಕಳಿಗೆ ಆ ಬಾಗಿಲಿಲ್ಲ. ಅವರ ಕೈಗೆ ಕೈವಾರ ಬರುವುದು ಗಣಿತದ ರಚನೆಗಳ ಪಾಠದಲ್ಲಿ. ಎನ್‌ಸಿಇಆರ್‌ಟಿ ಪಾಠಗಳ ಭಾರ ಇಳಿಸಿದಾಗ ಹತ್ತನೆಯ ತರಗತಿಯ ಗಣಿತದಿಂದ ಆ ಅಧ್ಯಾಯವೇ ಹೋಯಿತು. 2024ರ ಆರನೆಯ ತರಗತಿಯ ಹೊಸ ಪುಸ್ತಕದಲ್ಲಿ ರಚನೆಗಳೊಂದಿಗೆ ಆಟವಾಡುವ ಅಧ್ಯಾಯವೊಂದು ಇರುವುದು ಸಂತೋಷದ ವಿಷಯ. ಆದರೆ ಹನ್ನೊಂದು ವರ್ಷಕ್ಕೆ ಹಿಡಿದ ಕೈವಾರವನ್ನು ಹದಿನೈದಕ್ಕೆ ಕೆಳಗಿಡಿಸಿದರೆ, ಮುಂದೆ ಐಟಿಐಗೋ ಪಾಲಿಟೆಕ್ನಿಕ್ಕಿಗೋ ಸೇರಿದ ದಿನ ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ನಡುವಿನ ವರ್ಷಗಳ ನಷ್ಟ ಆ ಮಗುವಿನದು.

ಮುಖ್ಯೋಪಾಧ್ಯಾಯರಿಗೆ ನನ್ನ ಬೇಡಿಕೆ ಸಣ್ಣದು. ಹೊಸ ಕಟ್ಟಡ ಬೇಡ, ಹೊಸ ಹುದ್ದೆ ಬರುವವರೆಗೆ ಕಾಯುವುದೂ ಬೇಡ. ವಾರಕ್ಕೆ ಜೋಡಿಸಿದ ಎರಡು ಪೀರಿಯಡ್ಡು ಕೊಡಿ; ಒಂದೇ ಪೀರಿಯಡ್ಡಿನಲ್ಲಿ ಹಾಳೆ ಅಂಟಿಸುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಚಿತ್ರಕಲೆ, ಗಣಿತ, ವೃತ್ತಿಶಿಕ್ಷಣದ ಮೇಷ್ಟ್ರುಗಳು ಮೂವರೂ ಒಟ್ಟಿಗೆ ಕುಳಿತು ಆ ಎರಡು ಪೀರಿಯಡ್ಡನ್ನು ಹಂಚಿಕೊಳ್ಳಲಿ. ಅಧ್ಯಾಪಕ ಮಿತ್ರರೇ, ಸೋಮವಾರ ಶಾಲೆಗೆ ಹೋದಾಗ ಒಂದು ಟೇಪು ಕೊಟ್ಟು ನಿಮ್ಮ ಶಾಲೆಯ ಮುಂಬಾಗಿಲಿನ ಮೆಟ್ಟಿಲು ಮತ್ತು ರ‍್ಯಾಂಪನ್ನು ಮಕ್ಕಳಿಂದ ಅಳೆಸಿ. ಬಂದ ಸಂಖ್ಯೆಗಳನ್ನು ಹಲಗೆಯ ಮೇಲೆ ಬರೆದು, ಅಳಿಸದೆ ಒಂದು ವಾರ ಹಾಗೇ ಬಿಡಿ.